ಬೇಕರಿಗೆ ಹೋಗುವ ಸೊಸೆ

ಮದುವೆಯಾಗಿ ಬಂದ ವಾರದಲ್ಲೇ ಅತ್ತೆ ಶಾಂಭವಿಗೆ ಕೈಚೀಲ ಕೊಟ್ಟು, "ಇವತ್ತಿಂದ ಬೇಕರಿಗೆ ನೀನ ಹೋಗಬೇಕು ನೋಡವಾ," ಎಂದರು. ಸಿಹಿ ತಿಂದವರ ಮೈಗೆ ಹತ್ತುವುದಿಲ್ಲ, ಕೊಂಡು ತಂದವರ ಮೈಗೇ ಹತ್ತುತ್ತದೆ ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಅದಕ್ಕೇ ಹೆಣ್ಣು ನೋಡಲು ಬಂದವರು ಹಾಡು ಹೇಳಿಸಿರಲಿಲ್ಲ; ಅವಳ ಸಪೂರ ಮಣಿಕಟ್ಟು ಹಿಡಿದು ನೋಡಿ ಒಪ್ಪಿದ್ದರು.

"ದೊಡ್ಡ ಸೊಸಿ ಇನ್ನ ಬರೂದಿಲ್ಲೇನ್ರೀ?" ಎಂದು ಬೇಕರಿಯವನು ಕೇಳಿದ. ದೊಡ್ಡ ಸೊಸೆ ಕಸ್ತೂರಿ ಈಗ ಕೋಣೆಯ ಬಾಗಿಲಲ್ಲೇ ತೂರುತ್ತಿರಲಿಲ್ಲ. ಶಾಂಭವಿ ಡಬ್ಬಿಗೆ ಕೈಯೊಡ್ಡಿದಳು.

ಸಂಜೆ ಚಹಾದ ಹೊತ್ತಿಗೆ ಎಲ್ಲರೂ ಕುಳಿತರು. ಕಡ್ಡಿಯಂಥ ನಾದಿನಿ ಮೂರನೆಯ ಕ್ರೀಮ್ ಬನ್ನಿಗೆ ಕೈಹಾಕಿದಳು, ಮಾವ ಜಿಲೇಬಿ ಮುರಿದರು. ಒಂದು ಚೂರನ್ನೂ ಬಾಯಿಗಿಡದ ಶಾಂಭವಿ ಗೋಡೆಗೊರಗಿ, ತನ್ನ ಹಸಿರು ಬಳೆಗಳು ತುಸುತುಸುವೇ ಬಿಗಿಯಾಗುವುದನ್ನು ನೋಡುತ್ತಿದ್ದಳು. ಇಷ್ಟೇ ಆದರೆ ತಡೆದುಕೊಂಡೇನು ಅಂದುಕೊಂಡಳು.

ಆಗ ಒಳಕೋಣೆಯಲ್ಲಿ ಮಂಚ ಕಿರುಗುಟ್ಟಿತು.

"ತಂಗೀ," ಕಸ್ತೂರಿಯ ದನಿಯಲ್ಲಿ ಅಕ್ಕರೆಯಿತ್ತು. "ಇಷ್ಟು ವರ್ಷ ನಾನ ತಂದೆ. ತಿಂದ್ರ ಇನ್ನಷ್ಟು ಮೈಗೆ ಹತ್ತತೈತಿ ಅಂತ ಹೆದರಿ ಒಂದರೆ ರುಚಿ ನೋಡಲಿಲ್ಲ. ಇವತ್ತ ನೀ ತಂದೀಯಲ್ಲ, ಇನ್ನ ನನಗ ಹೆದರಿಕಿ ಇಲ್ಲ. ಡಬ್ಬಿ ಇತ್ತ ಕೊಡು."

ಅತ್ತೆ ಡಬ್ಬಿ ಒಯ್ದು ಕೊಟ್ಟರು. ಒಳಗೆ ಅಗಿಯುವ ಸದ್ದು ಶುರುವಾಯಿತು, ಬಿಡುವಿಲ್ಲದೆ. ಶಾಂಭವಿಯ ಒಂದು ಬಳೆ ಚಟ್ಟನೆ ಒಡೆದು ನೆಲಕ್ಕೆ ಬಿತ್ತು. ಹಿಂದೆಯೇ ಇನ್ನೊಂದು.

ಒಳಗಿನಿಂದ ತುಂಬಿದ ಬಾಯಿ ಹೇಳಿತು: "ನಾಳೆ ಸ್ವಲ್ಪ ಜಾಸ್ತಿ ತಗೊಂಡ ಬಾ, ತಂಗಿ."