ಡಾಕ್ಟರ್ ಆರ್ಡಿಸ್ ಅವರ ಮೇಪಲ್

2019ರ ಅಕ್ಟೋಬರ್ 14, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಡೆಲ್ಬರ್ಟ್ ಕ್ವಿಗ್ಲಿ ಬೇಲಿಯಾಚೆಯಿಂದಲೇ ಕಳ್ಳಮಾಲು ಗುರುತಿಸಿದ. ತಾಮ್ರಬಣ್ಣದ ಸೀಳೆಲೆ, ನೆಲಕ್ಕೆ ಬಾಗಿದ ರೆಂಬೆ: ಅವನ ಯಜಮಾನ ಮರ್ಟನ್ ಎಂಟು ವರ್ಷದ ಹಿಂದೆ ಪೇಟೆಂಟ್ ಪಡೆದ ಮೇಪಲ್ ತಳಿ. ಅನುಮತಿಯಿಲ್ಲದೆ ಅದರ ಒಂದು ಕಡ್ಡಿಯನ್ನೂ ಕಸಿ ಕಟ್ಟುವಂತಿಲ್ಲ. ಆರೆಗಾನ್‌ನ ಹಿತ್ತಿಲುಗಳಲ್ಲಿ ಅಂಥ ಮರ ಹುಡುಕಿ ಬುಡಸಮೇತ ಕೀಳಿಸುವುದೇ ಕ್ವಿಗ್ಲಿಯ ಉದ್ಯೋಗ.

ಒಡತಿ ಆರ್ಡಿಸ್ ಹೋಲ್ವರ್ಸನ್, ನಿವೃತ್ತ ದಂತವೈದ್ಯೆ, ಕಾಫಿ ಹಿಡಿದು ಹೊರಬಂದಳು.

"ಎಲ್ಲಿಂದ ತಂದ್ರಿ ಡಾಕ್ಟ್ರೇ?"

"ತರ್ಲಿಲ್ಲ. ಇಲ್ಲೇ ಬೆಳೀತು."

ಸಿಕ್ಕಿಬಿದ್ದವರೆಲ್ಲ ಹೇಳುವುದು ಇದನ್ನೇ. ಕ್ವಿಗ್ಲಿ ಕಾಂಡ ಸವರಿದ. ತೊಡೆಗಾತ್ರ, ನಲವತ್ತು ವರ್ಷಕ್ಕೆ ಕಡಿಮೆಯಿಲ್ಲ. ಅವಳ ತಂತ್ರವೇನೆಂದು ಅವನಿಗೆ ಹೊಳೆಯಿತು.

"ಹಳೇ ಮರದ ತಲೆ ಕಡಿದು ನಮ್ಮ ಕಡ್ಡಿ ಕಟ್ಟಿದ್ದೀರಿ. ಹುಳುಕು ಹಲ್ಲಿಗೆ ಕ್ಯಾಪ್ ಹಾಕ್ತಿದ್ರಲ್ಲ, ಹಾಗೆ."

"ಕಸಿಯ ಗಂಟು ಕಾಣ್ತಿದ್ಯಾ?"

"ತೊಗಟೆ ಮುಚ್ಚಿರುತ್ತೆ. ಲ್ಯಾಬಿನ ಕಣ್ಣಿಗೆ ಮುಚ್ಚಲ್ಲ. ಕಸಿ ಮರದಲ್ಲಿ ಬೇರು ಒಂದು ಗಿಡದ್ದು, ಎಲೆ ಇನ್ನೊಂದರದ್ದು."

"ಮರ್ಟನ್ ಹೇಗಿದ್ದಾರೆ? ಮೇಪಲ್ ಸಂಘದವರ ಜೊತೆ ತೋಟ ನೋಡೋಕೆ ಬಂದಿದ್ರು, ಹನ್ನೆರಡು ವರ್ಷ ಆಯ್ತು. ಈ ಮರ ಬಿಟ್ಟು ಕದಲಲೇ ಇಲ್ಲ."

"ದೊಡ್ಡವರ ಪರಿಚಯ ಹೇಳಿದ್ರೆ ಮರ ಉಳಿಯಲ್ಲ ಡಾಕ್ಟ್ರೇ."

ಅವನು ಎಲೆ ಕಿತ್ತ. ಬುಡ ಕೆದಕಿ ಬೇರಿನ ತುಂಡನ್ನೂ ಕತ್ತರಿಸಿಕೊಂಡ.

"ಮೆತ್ತಗೆ. ಬೇರು ಕೀಳೋದು ನನ್ನ ಕಸುಬಾಗಿತ್ತು, ಒರಟು ಕೈ ನೋಡಿದ್ರೆ ಆಗಲ್ಲ," ಎಂದಳು ಆರ್ಡಿಸ್. "ಎರಡರಲ್ಲೂ ಅರ್ಧ ನನಗಿರಲಿ. ಸೀಲ್ ಮಾಡಿ, ಸಹಿ ಹಾಕಿ ಕೊಡಿ."

ಸೋತವರ ಚಪಲ. ಕ್ವಿಗ್ಲಿ ಭಿಕ್ಷೆ ಹಾಕುವವನಂತೆ ಕೊಟ್ಟ.

ಮೂರು ವಾರದ ನಂತರ ಮರ್ಟನ್‌ನ ಕಚೇರಿಗೆ ಲ್ಯಾಬಿನಿಂದ ಫೋನ್ ಬಂತು. ಕ್ವಿಗ್ಲಿ ಸ್ಪೀಕರ್ ಒತ್ತಿದ.

"ಎಲೆ ನಿಮ್ಮ ಪೇಟೆಂಟ್ ತಳಿಯದೇ," ಎಂದಳು ತಂತ್ರಜ್ಞೆ.

"ನಾಳೆಯೇ ಕೀಳಿಸ್ತೀನಿ ಸರ್," ಎಂದ ಕ್ವಿಗ್ಲಿ. "ಆ ಮುದುಕಿ ಬಾಯೆತ್ತದ ಹಾಗೆ ಬೇರನ್ನೂ ಪರೀಕ್ಷೆಗೆ ಕೊಟ್ಟಿದ್ದೀನಿ."

ಮರ್ಟನ್‌ನ ಮುಖ ಬಿಳಿಚಿತು. "ಬೇರು ಕೊಡು ಅಂತ ನಿನಗೆ ಯಾರಯ್ಯ ಹೇಳಿದ್ದು?"

ಫೋನ್ ಆರಿಸಲು ಅವನು ಕೈ ಚಾಚುವಷ್ಟರಲ್ಲಿ ತಂತ್ರಜ್ಞೆ ಓದಿಬಿಟ್ಟಳು: "ಬೇರಿಗೂ ಎಲೆಗೂ ವ್ಯತ್ಯಾಸ, ಸೊನ್ನೆ."