ಜೋಡಿ ಬೋರ್ಡು

ತಾಳ್ಮೆ ಕೆಟ್ಟರೆ ಗದಗಿನ ಜನ ದಾವಲಸಾಬನ ರಿಪೇರಿ ಅಂಗಡಿಗೆ ಬರುತ್ತಿದ್ದರು. ಅಂದು ನೀಲವ್ವ ಗಂಡನನ್ನು ಕರೆತಂದಿದ್ದಳು. ಅವನು ಬೆಳಿಗ್ಗೆಯಿಂದ ಮೂರು ಕಪ್ಪು ಒಡೆದಿದ್ದ. ದಾವಲಸಾಬ ಅವನ ಕಿವಿಯ ಹಿಂದಿನ ಮುಚ್ಚಳ ತೆಗೆದು ನೋಡಿದ. ತಾಳ್ಮೆಯ ರೆಸಿಸ್ಟರ್ ಸುಟ್ಟು ಕರಕಾಗಿತ್ತು.

"ಅಳತಿ ಹೇಳೋ ಬಣ್ಣದ ಪಟ್ಟಿ ಉಳಿದಿಲ್ಲಕ್ಕಾ, ಎಷ್ಟರದಂತ ತಿಳಿವಲ್ದು. ನಿಮ್ಮಿಬ್ರದು ಜೋಡಿ ಬೋರ್ಡಲ್ಲೇನ್ರಿ? ನಿಮ್ಮದನ್ನ ತೋರಸ್ರಿ, ಅದನ್ನ ನೋಡಿ ಹಾಕ್ತೀನಿ."

ಮದುವೆಯಲ್ಲಿ ಇಬ್ಬರಿಗೂ ಒಂದೇ ಬಗೆಯ ಬೋರ್ಡು ಕೂರಿಸುವುದು ವಾಡಿಕೆ. ನೀಲವ್ವ ಕಿವಿಯ ಮೇಲಿನ ಸೆರಗು ಸರಿಸಿ ಕುಳಿತಳು. ಅವಳ ಬೋರ್ಡಿನಲ್ಲಿ ಆ ಜಾಗದಲ್ಲಿ ರೆಸಿಸ್ಟರ್ ಇರಲಿಲ್ಲ. ಪಾತ್ರೆ ತಿಕ್ಕುವ ತಂತಿಯ ಎಳೆಯೊಂದನ್ನು ಬಿಗಿಯಲಾಗಿತ್ತು.

"ಇದನ್ಯಾರ ಮಾಡ್ಯಾರ್ರಿ?"

"ನಾನ. ಮದುವ್ಯಾದ ವರ್ಷನ ಸುಟ್ಟಿತ್ತು. ಅಂಗಡಿಗೆ ಬರಬೇಕಂದ್ರ ಒಲಿ ಮ್ಯಾಲೆ ಹಾಲಿತ್ತು."