ಗೇಟಿನೊಳಗೆ ದುಡಿದವನು

"ಹಾಗಾದರೆ ನನ್ನ ರಾಜೀನಾಮೆಯನ್ನೂ ತಗೊಂಡುಬಿಡಿ ಸರ್!"

ಸಂಗಮೇಶ್ ಫೋನಿನಲ್ಲಿ ಕೂಗಿದ. ಆ ಕಡೆ ಬೆಂಗಳೂರಿನಲ್ಲಿ ಕಾರ್ಖಾನೆಯ ಮಾಲೀಕರು.

ಶಿಕಾರಿಪುರದ ಹೊರವಲಯದ ಆ ಕಲ್ನಾರಿನ, ಅಂದರೆ ಆಸ್ಬೆಸ್ಟಾಸ್, ಶೀಟು ಕಾರ್ಖಾನೆಯಲ್ಲಿ ಅವನು ಕಾರ್ಮಿಕ ಅಧಿಕಾರಿ. ಇಷ್ಟು ವರ್ಷ ದನಿಯೇರಿಸಿದವನಲ್ಲ. ಆದರೆ ಹೋದ ವರ್ಷ ಇಲ್ಲಿನ ಕಾರ್ಮಿಕ ಉಜ್ಜಪ್ಪ ಉಸಿರಿಗಾಗಿ ಒದ್ದಾಡಿ ಸತ್ತಾಗ ಕಂಪನಿ ಎಲ್ಲವನ್ನೂ ಬೀಡಿಯ ಮೇಲೆ ಹಾಕಿ ಕೈತೊಳೆದುಕೊಂಡಿತ್ತು. ಈಗ ಗೌಸ್. ಕಲ್ನಾರಿನ ಚೀಲ ಬಿಚ್ಚಿ ಮಿಕ್ಸರಿಗೆ ಸುರಿಯುವವನು. ಸಂಜೆ ಸೊರಬದ ಬಸ್ಸು ಹತ್ತುವಾಗ ತಲೆಯಿಂದ ಕಾಲಿನವರೆಗೆ ಬಿಳಿ ಧೂಳು. ಬೀಡಿ ಮುಟ್ಟಿದವನೇ ಅಲ್ಲ.

ಗೌಸ್ ತಂದುಕೊಟ್ಟಿದ್ದ ಎಕ್ಸ್‌ರೇ ಮೇಜಿನ ಮೇಲಿತ್ತು. ಅದನ್ನು ತೆಗೆಸಿದ ಶಿವಮೊಗ್ಗದ ಡಾಕ್ಟರನ್ನು ಸಂಗಮೇಶ್ ಬೆಳಿಗ್ಗೆಯೇ ವಿಚಾರಿಸಿದ್ದ.

"ಗೌಸ್ ತಂದ ಕೇಸಾ? ಕಲ್ನಾರಿನ ಧೂಳೇ ರೀ, ಅನುಮಾನ ಬೇಡ. ತುಂಬಾ ತಡ ಆಗಿದೆ. ಮಂಗಳೂರಿಗೆ ಕಳಿಸಿದ್ರೆ ನೋವಾದ್ರೂ ಕಡಿಮೆ ಆಗಬಹುದು."

ಕೊನೆಗೂ ಮಾಲೀಕರು ಮಣಿದರು. "ಸರಿ, ಮಂಗಳೂರಿನ ಖರ್ಚು ಕಂಪನೀದು. ಆದರೆ ಗೇಟಿನೊಳಗೆ ದುಡಿದವನಿಗೆ ಮಾತ್ರ. ನಾಳೆ ಊರವರೆಲ್ಲ ಕೆಮ್ಮಿಕೊಂಡು ಬಂದರೆ ನಾನು ಜವಾಬ್ದಾರನಲ್ಲ. ಇದರ ಮೇಲೆ ಮಾತು ಬೇಡ."

"ಗೇಟಿನೊಳಗೇ ದುಡಿದವನು ಸರ್."

ಸಂಗಮೇಶ್ ಫೋನ್ ಇಟ್ಟ. ಈ ಕಂಪನಿ ಯಾರಿಗೂ ಇಷ್ಟು ಬಗ್ಗಿರಲಿಲ್ಲ. ಗೌಸ್‌ಗೆ ಹೇಳಿಕಳಿಸಿದ.

ಗೌಸ್ ಬಂದು ಕುರ್ಚಿಯ ಅಂಚಿನಲ್ಲಿ ಕೂತ. ಒಮ್ಮೆಯೂ ಕೆಮ್ಮಲಿಲ್ಲ. ಕೆಲಸ ಹೋದೀತೆಂಬ ಹೆದರಿಕೆಗೆ ಕೆಮ್ಮು ನುಂಗುತ್ತಿದ್ದಾನೆ ಅನ್ನಿಸಿ ಸಂಗಮೇಶ್ ನೀರಿನ ಲೋಟವನ್ನು ಅವನತ್ತ ಸರಿಸಿದ.

"ಈಗ ಹೇಗಿದೆ ಗೌಸ್?"

"ಏನ್ ಹೇಳ್ಲಿ ಸಾರ್. ಒಂದು ಕೊಡ ನೀರು ಸೇದೋಕೂ ಆಗ್ತಿಲ್ಲ. ಒಲೆ ಮುಂದೆ ಕೂತ್ರೆ ಉಸಿರು ಕಟ್ಟುತ್ತೆ. ಗೋಡೆಗೆ ಒರಗಿಕೊಂಡೇ ಬೆಳಗು ಮಾಡೋದು."

"ಮಾಲೀಕರು ಒಪ್ಪಿದ್ರು. ಮಂಗಳೂರಿನ ದೊಡ್ಡಾಸ್ಪತ್ರೆ, ಎಲ್ಲಾ ಕಂಪನೀದೇ. ನಾಳೆ ಬೆಳಿಗ್ಗೆ ಜೀಪು ಸೊರಬಕ್ಕೇ ಬರುತ್ತೆ."

ಗೌಸ್ ಎದ್ದು ನಿಂತ. ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡು, ಸಂಗಮೇಶನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡ.

"ಅಲ್ಲಾ ನಿಮ್ಮನ್ನ ಚೆನ್ನಾಗಿಟ್ಟಿರಲಿ ಸಾರ್. ನನ್ನ ಹೆಂಡ್ತಿ ಖುರ್ಷೀದ್ ಒಂದಿನಾನೂ ಇಲ್ಲಿ ಕೆಲಸ ಮಾಡಿದೋಳಲ್ಲ, ಬರೀ ನನ್ನ ಬಟ್ಟೆ ಕೊಡವಿ ಒಗೆದೇ ಹಿಂಗಾದ್ಲು. ಅವಳನ್ನೂ ಕಂಪನಿ ನೋಡ್ಕೊಳ್ಳುತ್ತೆ ಅಂತ ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ."